ಅರಗಿನ ಫ್ಲೋಟು

ನನ್ನ ಎಡ ಹುಬ್ಬಿನ ಮೇಲೆ ಒಂದಿಂಚು ಉದ್ದದ ಗಾಯದ ಕಲೆ ಇದೆ. ಮೊಮ್ಮಕ್ಕಳು ಕೇಳಿದಾಗಲೆಲ್ಲ ಬಸ್ಸಿನ ಬಾನೆಟ್ ಬಡಿಯಿತು ಎಂದು ಸುಳ್ಳು ಹೇಳುತ್ತ ಬಂದಿದ್ದೇನೆ. ಅದು ಉಸ್ತಾದ ಎಸೆದ ಅರ್ಧ ಇಂಚಿನ ಪಾನಾದ, ನಟ್ಟು ಬಿಚ್ಚುವ ಸ್ಪ್ಯಾನರಿನ, ಗುರುತು. ಕೈತಪ್ಪಿ ಬಿದ್ದದ್ದಲ್ಲ, ಗುರಿ ನೋಡಿಯೇ ಎಸೆದದ್ದು.

ಕಳೆದ ತಿಂಗಳು ಸೀರೆಗಳ ಗಂಟು ತೆಗೆದುಕೊಂಡು ಗದ್ವಾಲಿಗೆ ಹೋಗಿದ್ದ ನಮ್ಮ ಓಣಿಯ ನೇಕಾರನೊಬ್ಬ ತಿರುಗಿ ಬಂದು, ಮಾತಿನ ಮಧ್ಯೆ, "ಸ್ಟೇಷನ್ ರಸ್ತೆದಾಗ ಎಡಗೈ ಮಿಸ್ತ್ರಿ ಇದ್ನಲ್ಲ, ತೀರಿಕೊಂಡ" ಎಂದ. ನಾನು ಚಹಾದ ಲೋಟ ಕೆಳಗಿಟ್ಟೆ. ಆತ ಎಡಗೈಯವನಾಗಿ ಹುಟ್ಟಿದವನಲ್ಲ. ಹೇಗೆ ಎಡಗೈ ಮಿಸ್ತ್ರಿಯಾದ ಎಂದು ಬಲ್ಲವರು ನಾರಾಯಣಪೇಟೆಯಲ್ಲಿ ಈಗ ನಾನೊಬ್ಬನೇ ಉಳಿದಿದ್ದೇನೆ ಎಂದು ಕಾಣುತ್ತದೆ. ನಾನೂ ಹೋದ ಮೇಲೆ ಅದನ್ನು ಹೇಳುವವರು ಯಾರೂ ಇರುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಆತನ ಹೆಸರು ಬರೆಯುವುದಿಲ್ಲ. ಮೋಟಾರ್ ಅಡ್ಡೆಯಲ್ಲಿ ಎಲ್ಲರೂ ಉಸ್ತಾದ ಎನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ.

ನಾನು ಮಗ್ಗದ ಕುಣಿಯಿಂದ ಎದ್ದು ಸ್ಟಿಯರಿಂಗ್ ಹಿಡಿದವನು. ನಮ್ಮ ಮಾಲೀಕರಿಗೆ ಒಂದು ಬಸ್ಸು, ಒಂದು ಲಾರಿ ಇದ್ದವು. ಬಸ್ಸು ನಾರಾಯಣಪೇಟೆಯಿಂದ ಮಕ್ತಲ್ ದಾಟಿ ಕೃಷ್ಣೆಯ ದಂಡೆಯವರೆಗೆ ಹೋಗಿ ಬರುತ್ತಿತ್ತು. ಅಡ್ಡೆಯ ಹಿಂದೆ ತಗಡಿನ ಷೆಡ್ಡು, ಅದರಲ್ಲಿ ಉಸ್ತಾದ. ಗಿಡ್ಡ ಆಳು, ಕುತ್ತಿಗೆಯೇ ಇಲ್ಲ. ಸದಾ ಬೆಂಕಿ ಪೆಟ್ರೋಲುಗಳ ನಡುವೆ ಇದ್ದು ಕಣ್ಣಿನ ರೆಪ್ಪೆಗಳು ಅರ್ಧ ಸುಟ್ಟಿರುತ್ತಿದ್ದವು. ಕಿವಿಯ ಮೇಲೆ ಒಂದು ಬೀಡಿ ಇರುತ್ತಿತ್ತು, ಆದರೆ ಷೆಡ್ಡಿನ ಹೊಸ್ತಿಲು ದಾಟುವವರೆಗೆ ಅದನ್ನು ಹಚ್ಚುತ್ತಿರಲಿಲ್ಲ. ಬಲಗೈ ಹೆಬ್ಬೆರಳಿನ ಉಗುರನ್ನು ಬೇಕೆಂದೇ ಉದ್ದ ಬಿಟ್ಟಿದ್ದ. ಕಾರ್ಬುರೇಟರಿನಲ್ಲಿ ಎಣ್ಣೆ ಚಿಮ್ಮುವ ಸಣ್ಣ ತೂತಿನ ಜೆಟ್ಟಿನ ಬಾಯಿಗೆ ಆ ಉಗುರು ತಾಗಿಸಿ, ಎಷ್ಟು ಸವೆದಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಆ ಕೈಯನ್ನು ನೋಡುವುದೇ ಒಂದು ಸೊಗಸು.

ಬಾಯಿ ಮಾತ್ರ ಕೊಳಕು. ಡ್ರೈವರುಗಳನ್ನು ಕನ್ನಡದಲ್ಲಿ ಶುರುಮಾಡಿ, ತೆಲುಗಿನಲ್ಲಿ ಬಯ್ದು, ಉರ್ದುವಿನಲ್ಲಿ ಮುಗಿಸುತ್ತಿದ್ದ. ಒಮ್ಮೆ ಟಾಂಕಿಯ ಮುಚ್ಚಳ ತೆರೆದಿಟ್ಟು ಮಳೆಯಲ್ಲಿ ಬಸ್ಸು ನಿಲ್ಲಿಸಿದ್ದ ಕ್ಲೀನರನನ್ನು ಕಾಲು ಹಿಡಿದು ಷೆಡ್ಡಿನಿಂದ ಹೊರಗೆಳೆದು ಹಾಕಿದ್ದ. ಎಂಜಿನ್ನಿಗೆ ನೋವಾದರೆ ತನಗೇ ಆದಂತೆ ಆಡುತ್ತಿದ್ದ, ಮನುಷ್ಯರಿಗೆ ನೋವಾದರೆ ಅಷ್ಟಕ್ಕಷ್ಟೇ ಎಂದು ನಾನು ಬಹಳ ವರ್ಷ ತಿಳಿದಿದ್ದೆ.

ಆತನ ಸಿಟ್ಟಿಗೆ ಕಾರಣವೂ ಇತ್ತು. ದೊಡ್ಡ ಲಡಾಯಿಯ ಕಾಲದಿಂದ ನಮ್ಮ ನಿಜಾಮಿ ರಿಯಾಸತ್ತಿನಲ್ಲಿ ಪೆಟ್ರೋಲಿಗೆ ಸ್ಪಿರಿಟ್ಟು ಬೆರೆಸುವುದು ಶುರುವಾಗಿತ್ತು. ಸಕ್ಕರೆ ತೆಗೆದು ಉಳಿದ ಕಾಕಂಬಿಯನ್ನು ಹುಳಿ ಹಿಡಿಸಿ ಭಟ್ಟಿ ಇಳಿಸಿದ ಸ್ಪಿರಿಟ್ಟು. ನಾವು ಅದಕ್ಕೆ ಮಿಲಾವಟ್ ಎನ್ನುತ್ತಿದ್ದೆವು. ಆಮೇಲೆ ಇಂಡಿಯಾ ಸರ್ಕಾರಕ್ಕೂ ರಿಯಾಸತ್ತಿಗೂ ತಿಕ್ಕಾಟವಾಗಿ ಹೊರಗಿನ ಪೆಟ್ರೋಲು ನಿಂತುಹೋದಾಗ, ಮಿಲಾವಟ್ಟಿನಲ್ಲಿ ಪೆಟ್ರೋಲಿಗಿಂತ ಸ್ಪಿರಿಟ್ಟೇ ಹೆಚ್ಚಾಯಿತು. ಬಸ್ಸಿನ ಹಿಂದೆ ನಿಂತರೆ ಸೇಂದಿ ಅಂಗಡಿಯ ಮುಂದೆ ನಿಂತಂತೆ ವಾಸನೆ.

ಉಸ್ತಾದನ ಹತ್ತಿರ ಒಂದು ಗಾಜಿನ ಬಾಟಲಿ ಇತ್ತು. ಅದರ ಹೊಟ್ಟೆಗೆ ಒಂದು ಕೆಂಪು ದಾರ ಕಟ್ಟಿದ್ದ. ದಾರದವರೆಗೆ ನೀರು, ಅದರ ಮೇಲೆ ಅಷ್ಟೇ ಮಿಲಾವಟ್ ಸುರಿದು ಗಲಗಲ ಅಲ್ಲಾಡಿಸಿ ಕಿಟಕಿಯಲ್ಲಿಡುತ್ತಿದ್ದ. ಸ್ಪಿರಿಟ್ಟು ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಸೇರಿಕೊಳ್ಳುತ್ತದೆ. ನೀರಿನ ಗೆರೆ ದಾರಕ್ಕಿಂತ ಎಷ್ಟು ಮೇಲೆ ಬಂತೋ ಅಷ್ಟು ಸ್ಪಿರಿಟ್ಟು.

"ಡಬ್ಬಿ ಮ್ಯಾಲೆ ಬರದದ್ದು ಸರ್ಕಾರದ ಮಾತು. ಬಾಟ್ಲ್ಯಾಗ ಕಾಣೋದು ಎಣ್ಣಿ ಖುದ್ದು ಹೇಳೋ ಮಾತು," ಎನ್ನುತ್ತಿದ್ದ.

ಷೆಡ್ಡಿನ ಹಿಂದಿನ ಗೋಡೆಗೆ ಸಾಲಾಗಿ ಮೊಳೆ ಬಡಿದಿದ್ದ. ಮಿಲಾವಟ್ ತಿಂದು ಹಾಳಾದ ಒಂದೊಂದು ಭಾಗವನ್ನೂ ಒಂದೊಂದು ಮೊಳೆಗೆ ನೇತುಹಾಕುತ್ತಿದ್ದ. ಉಬ್ಬಿ ಹೆಬ್ಬಾವಿನಂತಾದ ರಬ್ಬರ್ ಪೈಪು, ಹಸಿರು ಕಟ್ಟಿದ ಹಿತ್ತಾಳೆ ಜೆಟ್ಟು, ಬಿಳಿ ಬೂದಿಯಾಗಿ ಉದುರುವ ಕಾರ್ಬುರೇಟರಿನ ಮೈ, ಮೆತ್ತಗಾದ ಗ್ಯಾಸ್ಕೆಟ್ಟು. ಹೊಸ ಡ್ರೈವರ್ ಬಂದರೆ ಮೊದಲು ಆ ಗೋಡೆಯ ಮುಂದೆ ನಿಲ್ಲಿಸುತ್ತಿದ್ದ.

"ಹಲ್ಲಿಲ್ಲದ ಮುದುಕಿ ಹಂಗೈತಿ ಇದು. ಮೊದ್ಲು ನೆಕ್ಕತೈತಿ, ಆಮ್ಯಾಲೆ ನುಂಗತೈತಿ. ಟಾಂಕ್ಯಾಗಿನ ಹತ್ತು ವರ್ಷದ ತುಕ್ಕು ತೊಳಕೊಂಡು ಬಂದು ಜೆಟ್ಟಿನ್ಯಾಗ ತುರಕತೈತಿ. ಮಳಿಗಾಲದಾಗ ಹವಾದಿಂದನ ನೀರು ಕುಡಿತೈತಿ. ಟಾಂಕಿ ತುಂಬಿಸಿ ಎಂಟು ದಿನ ನಿಲ್ಲಿಸಿದ್ರ ನಿಂದೂ ಒಂದು ಮೊಳಿ ಬಡಿತೀನಿ, ನಿನ್ನ ನೇತಹಾಕ್ತೀನಿ!"

ಇನ್ನು ಪಾನಾದ ಕಥೆ. ಕಾರ್ಬುರೇಟರಿನ ಬಟ್ಟಲಿನಲ್ಲಿ ಕಾರ್ಕಿನ ಒಂದು ಫ್ಲೋಟು ತೇಲುತ್ತಿರುತ್ತದೆ. ಎಣ್ಣೆ ಸಾಕಷ್ಟು ತುಂಬಿದಾಗ ಅದು ಮೇಲೆದ್ದು ಸೂಜಿಯನ್ನು ಒತ್ತಿ ಎಣ್ಣೆಯ ದಾರಿ ಮುಚ್ಚುತ್ತದೆ. ಕಾರ್ಕು ಎಣ್ಣೆ ಹೀರದಿರಲಿ ಎಂದು ಅದರ ಮೈಗೆ ಅರಗು ಬಳಿದಿರುತ್ತಾರೆ. ಒಮ್ಮೆ ದಾರಿಯಲ್ಲಿ ನನ್ನ ಬಸ್ಸಿನ ಫ್ಲೋಟು ಸೋರಿತು. ನಾನು ಜಾಣತನ ಮಾಡಿ ಮಕ್ತಲಿನ ಬಳೆಗಾರರ ಮನೆಯಿಂದ ಅರಗು ತಂದು, ಕರಗಿಸಿ, ಎರಡು ಸಲ ಬಳಿದು, ಹೊಳೆಯುವ ಫ್ಲೋಟು ಹಾಕಿಕೊಂಡು ಹೊರಟೆ. ಬೆಳಿಗ್ಗೆ ಹಾಕಿದ್ದು ಮಧ್ಯಾಹ್ನದ ಹೊತ್ತಿಗೆ ಮೆತ್ತಗಾಗಿ, ಕಾರ್ಕು ಎಣ್ಣೆ ಕುಡಿದು ಮುಳುಗಿ, ಎಣ್ಣೆ ಉಕ್ಕಿ ಬಿಸಿ ಎಂಜಿನ್ನಿನ ಮೇಲೆ ಸುರಿಯಿತು. ಹೇಗೋ ತಳ್ಳಿಸಿಕೊಂಡು ಷೆಡ್ಡಿಗೆ ಬಂದೆ. ಉಸ್ತಾದ ಬಟ್ಟಲು ಬಿಚ್ಚಿ, ಅಂಟಂಟಾದ ಫ್ಲೋಟನ್ನು ಮೂಸಿದ.

"ಬಡಿಗೇರು ಅರಗು ಯಾವುದರಾಗ ಕರಗಿಸ್ತಾರ?" ಎಂದು ಕೇಳಿದ, ಬಹಳ ಮೆಲ್ಲಗೆ.

"ಸ್ಪಿರಿಟ್ಟಿನ್ಯಾಗ, ಉಸ್ತಾದ್."

"ನಿನ್ನ ಟಾಂಕ್ಯಾಗ ಏನೈತಿ?"

ನಾನು ಉತ್ತರ ಕೊಡುವ ಮೊದಲೇ ಪಾನಾ ಬಂತು. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ತಾನೇ ಬಟ್ಟೆ ಹರಿದು ಕಟ್ಟಿ, ಕಟ್ಟುವಾಗಲೂ ಬಯ್ದ. "ನಲವತ್ತು ಮಂದಿನ್ನ ಸುಡ್ತಿದ್ದಿ ಬೇವಕೂಫ! ಸ್ಪಿರಿಟ್ಟಿಗೆ ಅರಗು ತೋರಿಸಬ್ಯಾಡ. ಅರಗು ಹಚ್ಚೋದೂ ಬೆಂಕಿ ಹಚ್ಚೋದೂ ಒಂದ."

ಆಮೇಲೆ ಒಂದು ತಿಂಗಳು ಆತ ಅದೇ ಹುಚ್ಚಿನಲ್ಲಿದ್ದ. ಅಂಟು, ವಾರ್ನಿಷು, ಮೊಟ್ಟೆಯ ಬಿಳಿ, ಕಡೆಗೆ ನಮ್ಮ ಮನೆಯ ಮಗ್ಗದ ಹಾಸುನೂಲಿಗೆ ಬಳಿಯುವ ಗಂಜಿಯನ್ನೂ ತರಿಸಿ ನೋಡಿದ. ಕೊನೆಗೆ ಗೆದ್ದದ್ದು ಬಡಿಗರು ಮರ ಜೋಡಿಸಲು ಬಳಸುವ ಸರೇಸು. ಕಾರ್ಕನ್ನು ಎರಡು ದಿನ ಬಿಸಿಲಿಗೆ ಒಣಗಿಸಿ, ಸರೇಸು ಕಾಯಿಸಿ ಮೂರು ಸಲ ಬಳಿದು, ಪಟಿಕದ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದ. ಅದು ಅರಗಿನಷ್ಟು ಹೊಳೆಯುವುದಿಲ್ಲ, ಆದರೆ ಸ್ಪಿರಿಟ್ಟಿಗೆ ಜಗ್ಗುವುದಿಲ್ಲ. ಆ ಗುಟ್ಟು ಆತನಿಗೆ ಬಿಟ್ಟರೆ ನನಗೆ ಮಾತ್ರ ಗೊತ್ತಿತ್ತು. ಮುಂದಿನದೆಲ್ಲ ಆದದ್ದು ಅದರಿಂದ.

ಆ ವರ್ಷ ಖಾಕಿ ತೊಟ್ಟವರ ಹಾವಳಿ ಮಿತಿಮೀರಿತು. ಅವರು ಪೊಲೀಸರಲ್ಲ, ಫೌಜಿನವರೂ ಅಲ್ಲ. ರಿಯಾಸತ್ತನ್ನು ಉಳಿಸುತ್ತೇವೆ ಎಂದು ಬಂದೂಕು ಹಿಡಿದು ಹಳ್ಳಿ ಸುಡುತ್ತಿದ್ದವರು. ನಮ್ಮ ಮಾಲೀಕರ ಲಾರಿಯನ್ನು ಕಸಿದುಕೊಂಡರು. ಬಸ್ಸಿನ ಕಿಟಕಿಯಿಂದ ದಿನಾ ಹೊಗೆ ಕಾಣುತ್ತಿತ್ತು. ಒಂದು ಊರಿನಲ್ಲಿ ಜೋಳ ತುಂಬಿದ ಹಗೇವಿನ ಬಾಯಿಗೆ ಸ್ಪಿರಿಟ್ಟು ಸುರಿದು ಬೆಂಕಿ ಇಟ್ಟಿದ್ದರು. ನೆಲದೊಳಗಿನ ಆ ಜೋಳ ನಾಲ್ಕು ದಿನ ಹೊಗೆಯಾಡಿತು. ಆ ಊರಿನ ಹೆಂಗಸೊಬ್ಬಳು ಬಸ್ಸು ಹತ್ತಿ ಟಿಕೀಟು ಕೇಳಿದರೆ ಮಾತಾಡಲಿಲ್ಲ, ಕೂದಲು ಅರ್ಧ ಸುಟ್ಟ ತಲೆಯನ್ನು ಕಿಟಕಿಗೆ ಬಡಿದುಕೊಳ್ಳುತ್ತಲೇ ಇದ್ದಳು.

ಶ್ರಾವಣದಲ್ಲಿ ಒಂದು ದಿನ ಆ ಲಾರಿ ರಿಪೇರಿಗೆಂದು ಷೆಡ್ಡಿಗೆ ಬಂತು. ಎಣ್ಣೆ ಸೋರುತ್ತಿತ್ತು. ಹಿಂದಿನ ಕೊಂಡಿಗೆ ಒಂದು ಹಗ್ಗ ಕಟ್ಟಿದ್ದು ಹಾಗೇ ಇತ್ತು. ಹಿಂದಿನ ದಿನ ಯಾವುದೋ ಹಳ್ಳಿಯಲ್ಲಿ ಒಬ್ಬನ ಕೈಗೆ ಆ ಹಗ್ಗ ಕಟ್ಟಿ ಲಾರಿಯ ಹಿಂದೆ ಎಳೆದಿದ್ದರು. ಹಗ್ಗದ ತುದಿಯಲ್ಲಿ ಚರ್ಮ ಅಂಟಿಕೊಂಡಿತ್ತು. ಉಸ್ತಾದ ಅದನ್ನು ಬಿಚ್ಚಿದ. ಎಸೆಯುತ್ತಾನೆ ಎಂದುಕೊಂಡೆ. ಸುತ್ತಿ ಒಯ್ದು ಗೋಡೆಯ ಮೇಲೆ, ರಬ್ಬರ್ ಪೈಪಿನ ಪಕ್ಕದ ಮೊಳೆಗೆ ನೇತುಹಾಕಿದ.

ಖಾಕಿಯವರು ಆತನ ಮುಂದೆ ಮುಚ್ಚುಮರೆಯಿಲ್ಲದೆ ಮಾತಾಡುತ್ತಿದ್ದರು. ಮುಸಲ್ಮಾನನಾದ್ದರಿಂದ ತಮ್ಮವನೇ ಎಂದುಕೊಂಡಿದ್ದರು. ಮರುದಿನ ಹೊಳೆಯ ದಂಡೆಯ ಹಳ್ಳಿಗೆ ಹೋಗುವುದು, ಸರ್ಕಾರಕ್ಕೆ ಅಳೆಯಬೇಕಾದ ಲೆವಿ ಕಾಳು ಕೊಡದೆ ಎದುರು ನಿಂತವರಿಗೆ ಬುದ್ಧಿ ಕಲಿಸುವುದು ಎಂದು ಅವರ ಜಮಾದಾರ ಹೇಳಿದನಂತೆ. ಆ ಹಳ್ಳಿ ನಮಗೆ ಚೆನ್ನಾಗಿ ಗೊತ್ತು. ಬಸ್ಸಿನ ರೇಡಿಯೇಟರಿಗೆ ನಾವು ನೀರು ಹಾಕುತ್ತಿದ್ದದ್ದು ಅಲ್ಲಿಯ ಬಾವಿಯಿಂದ. ಬಾವಿಯ ಪಕ್ಕದ ಮನೆಯ ಮುದುಕಿ ತಾನೇ ನೀರು ಸೇದಿಕೊಟ್ಟು, ನಮಗೆ ಮಜ್ಜಿಗೆ ಕೊಡುತ್ತಿದ್ದಳು. ಬಸ್ಸು ಕೆಟ್ಟು ಉಸ್ತಾದ ಅಲ್ಲಿಗೆ ಬಂದಾಗ, "ತಿನು ನಾಯನಾ, ಕೈ ತೊಳಕೊಂಡು ತಿನು, ಎಣ್ಣಿ ವಾಸನಿ ಬಡಿತೈತಿ" ಎಂದು ಆತನನ್ನು ಗದರಿಸಿ ಉಣ್ಣಿಸುತ್ತಿದ್ದಳು. ಉಸ್ತಾದನನ್ನು ಗದರಿಸಿದ್ದು ನಾನು ಕಂಡಂತೆ ಆಕೆಯೊಬ್ಬಳೇ. ಆಕೆಯನ್ನು ನಾವು ನೀರಿನಜ್ಜಿ ಎನ್ನುತ್ತಿದ್ದೆವು.

ಮರುದಿನ ಬೆಳಿಗ್ಗೆ ನನ್ನ ಮನೆಗೆ ಇಬ್ಬರು ಬಂದರು. ಅವರ ಡ್ರೈವರಿಗೆ ಜ್ವರವಂತೆ, ನಾನು ನಡೆಸಬೇಕಂತೆ. ಬಂದೂಕಿನ ತುದಿ ಬೆನ್ನಿಗೆ ಇಟ್ಟುಕೊಂಡೇ ಷೆಡ್ಡಿಗೆ ಕರೆತಂದರು. ಉಸ್ತಾದ ಬೆಂಚಿನ ಮೇಲೆ ಕೂತಿದ್ದ, ಕೈಯಲ್ಲಿ ಫ್ಲೋಟು.

"ಯಾರು ನಡಸ್ತಾರ?" ಎಂದು ಕೇಳಿದ.

"ನಾನ, ಉಸ್ತಾದ್. ಎಳಕೊಂಡು ಬಂದಾರ."

ಆತ ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಎದ್ದು ಹಿಂದಿನ ಗೋಡೆಯ ಕಡೆ ಹೋಗಿ, ತಿರುಗಿ ಬಂದು ಕಾರ್ಬುರೇಟರ್ ಜೋಡಿಸಿದ. ಕೆಲಸವೆಲ್ಲ ಮುಗಿದ ಮೇಲೆ, ಯಾರೂ ಹೇಳದೆ, ನನ್ನ ಕಡೆಯ ಬಾಗಿಲನ್ನು ಕೀಲು ಸಮೇತ ಬಿಚ್ಚಿ ಕೆಳಗಿಟ್ಟ. ಜಮಾದಾರ ಯಾಕೆ ಎಂದ. "ಕೀಲು ಮುರದೈತಿ ಸಾಬ್, ದಾರ್ಯಾಗ ಬಿದ್ದೀತು," ಎಂದ. ನನಗೆ ಮಾತ್ರ ಕೇಳುವಂತೆ, "ಬೆಂಕಿ ಗಿಂಕಿ ಕಂಡ್ರ ಲಾರಿ ಕಿಮ್ಮತ್ತು ನೋಡಬ್ಯಾಡ, ಜಿಗಿ," ಎಂದ. ನನ್ನ ಗಮನವೆಲ್ಲ ಬೆನ್ನ ಹಿಂದಿನ ಬಂದೂಕಿನ ಮೇಲಿತ್ತು. ಆ ಮಾತು ತಲೆಗೆ ಹತ್ತಲಿಲ್ಲ.

ಮಕ್ತಲಿನವರೆಗೆ ಲಾರಿ ಚೆನ್ನಾಗಿಯೇ ಓಡಿತು. ಅಲ್ಲಿ ಅವರು ಊಟಕ್ಕೆ ಕೂತು ಎರಡು ತಾಸು ಕಳೆದರು. ಹಿಂದೆ ಹನ್ನೆರಡು ಜನ, ಸ್ಪಿರಿಟ್ಟಿನ ನಾಲ್ಕು ಡಬ್ಬಿ. ನನ್ನ ಪಕ್ಕದಲ್ಲಿ ಜಮಾದಾರ. ಮಕ್ತಲ್ ಬಿಟ್ಟು ನಾಲ್ಕು ಮೈಲಿ ಹೋಗುವುದರೊಳಗೆ ಎಂಜಿನ್ನು ಕೆಮ್ಮಲು ಶುರುಮಾಡಿತು. ಕಪ್ಪು ಹೊಗೆ ಬಿಟ್ಟು, ಹಳ್ಳಿ ಇನ್ನೂ ಎರಡು ಮೈಲಿ ಇರುವಾಗ ನಿಂತೇಬಿಟ್ಟಿತು. ನಾನು ಬಾನೆಟ್ ಎತ್ತಿ ಬಟ್ಟಲು ಬಿಚ್ಚಿದೆ. ಫ್ಲೋಟು ತಳದಲ್ಲಿ ಕೂತಿತ್ತು. ಬೆರಳಿಗೆ ಅಂಟಂಟು. ಮೂಸಿದೆ. ಅರಗು!

ನನ್ನ ಹುಬ್ಬು ಸೀಳಿ ಕಲಿಸಿದ ಪಾಠ ಅದು. ಆತ ತಪ್ಪಿ ಹಚ್ಚಿರಲು ಸಾಧ್ಯವೇ ಇರಲಿಲ್ಲ. ನಾನೇ ಸ್ಟಿಯರಿಂಗ್ ಹಿಡಿಯುತ್ತೇನೆ ಎಂದು ಗೊತ್ತಿದ್ದೂ, ನನ್ನ ಮುಖ ನೋಡಿಯೂ, ಅದನ್ನೇ ಹಾಕಿದ್ದ. ಹೇಳಿದರೆ ಅಲ್ಲೇ ನನ್ನನ್ನು ಗುಂಡಿಕ್ಕುತ್ತಾರೆ. ಸುಮ್ಮನೆ ಬಟ್ಟಲು ಮುಚ್ಚಿದೆ. ಜಮಾದಾರ ಬಾಯಿಗೆ ಬಂದಂತೆ ಬಯ್ಯುತ್ತಿದ್ದ. ಒಬ್ಬನನ್ನು ಹ್ಯಾಂಡಲ್ ತಿರುಗಿಸಲು ಮುಂದೆ ನಿಲ್ಲಿಸಿ, ನನ್ನನ್ನು ಒಳಗೆ ಕೂರಿಸಿ, ತಾನೂ ಹತ್ತಿ ಬಾಗಿಲು ಎಳೆದುಕೊಂಡ. ಎಂಜಿನ್ನಿನ ಮೇಲಿಂದ ಎಣ್ಣೆ ತೊಟ್ಟಿಕ್ಕುವುದು ನನಗೆ ಕೇಳಿಸುತ್ತಿತ್ತು. ಮೂರನೆಯ ತಿರುವಿಗೆ ಎಂಜಿನ್ನು ಫಟ್ ಎಂದು ಹಿಂದಕ್ಕೆ ಸಿಡಿಯಿತು.

ಸ್ಪಿರಿಟ್ಟಿನ ಬೆಂಕಿ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ. ಕಾಲ ಬಳಿ ಗಾಳಿ ನಡುಗಿದಂತೆ ಕಂಡಿತು, ಅಷ್ಟೇ. ಮರುಕ್ಷಣ ಪಾಯಜಾಮ ಹತ್ತಿಕೊಂಡಿತು. ಬಾಗಿಲಿಲ್ಲದ ಕಡೆಯಿಂದ ನಾನು ಹೊರಗೆ ಬಿದ್ದೆ. ಜಮಾದಾರನ ಬಾಗಿಲು ತೆರೆಯಲಿಲ್ಲ. ಹಳೆಯ ಲಾರಿ, ಆ ಬಾಗಿಲನ್ನು ಹೊರಗಿನಿಂದ ಎಳೆದರೇ ತೆರೆಯುತ್ತಿದ್ದದ್ದು. ಆತ ನನ್ನ ಕಡೆಗೆ ತೆವಳುವುದರೊಳಗೆ ಹಿಂದಿನ ಡಬ್ಬಿಗಳು ಸಿಡಿದವು. ಮನುಷ್ಯ ಹಾಗೆ ಕೂಗಬಲ್ಲ ಎಂದು ನನಗೆ ಗೊತ್ತಿರಲಿಲ್ಲ. ಆತ ಎಷ್ಟು ಮನೆ ಸುಟ್ಟವನೋ, ಆದರೂ ಆ ಕೂಗು ನನ್ನ ಕಿವಿಯಿಂದ ಹೋಗಿಲ್ಲ.

ಲಾರಿ ನಿಂತಾಗಲೇ ಕೆಳಗಿಳಿದಿದ್ದ ಉಳಿದವರು ನನ್ನನ್ನು ಹಿಡಿದರು. ಬಂದೂಕಿನ ಹಿಡಿಯಿಂದ ಬಾಯಿಗೆ ಹೊಡೆದರು. ಮುಂದಿನ ಆರು ಹಲ್ಲು ಒಂದೇ ಪೆಟ್ಟಿಗೆ ಒಳಗೆ ಬಂದವು. ಯಾರು ಏನು ಮಾಡಿದರು ಹೇಳು ಎಂದು ಕೇಳುತ್ತ ಒದೆಯುತ್ತಿದ್ದರು. ನಾನು ಉಸ್ತಾದನ ಹೆಸರು ಹೇಳಲಿಲ್ಲ. ಅದನ್ನು ಧೈರ್ಯ ಎಂದು ಬರೆದುಕೊಂಡರೆ ನನ್ನ ನಾಲಿಗೆಗೆ ಹುಳ ಬೀಳಲಿ. ಹೇಳಲು ಬಾಯಿ ತೆರೆದಿದ್ದೆ. ಬಾಯಿ ತುಂಬ ರಕ್ತ, ಹಲ್ಲು. ಮಾತು ಹೊರಡಲಿಲ್ಲ. ಸತ್ತನೆಂದು ಬದುವಿಗೆ ಎಸೆದು ಹೋದರು.

ಹೊಗೆ ಕಂಡು, ಸಿಡಿದ ಸದ್ದು ಕೇಳಿ, ಹಳ್ಳಿಯವರು ಹರಿಗೋಲುಗಳಲ್ಲಿ ಹೊಳೆ ದಾಟಿದ್ದರು. ಒಂದು ಜೀವವೂ ಹೋಗಲಿಲ್ಲ. ತಮ್ಮ ಊರ ದೇವಿಯೇ ಲಾರಿಯನ್ನು ಸುಟ್ಟಳು ಎಂದು ಲಾರಿ ಸುಟ್ಟ ಜಾಗದಲ್ಲಿ ಒಂದು ಕಲ್ಲು ನೆಟ್ಟು ಕುಂಕುಮ ಹಚ್ಚಿದರು.

ದಾರಿಹೋಕರು ಎತ್ತಿ ಮನೆಗೆ ತಂದು ಹಾಕಿದ ಮೇಲೆ, ನಾನು ಹಾಸಿಗೆಯಲ್ಲಿ ಬಿದ್ದಿದ್ದಾಗ ಉಸ್ತಾದ ಒಮ್ಮೆ ಬಂದ. ನಾನು ಗೋಡೆಯ ಕಡೆ ಮುಖ ತಿರುಗಿಸಿಕೊಂಡೆ. ಸ್ವಲ್ಪ ಹೊತ್ತು ಕೂತು, ನಾಲ್ಕು ಕೋಳಿಮೊಟ್ಟೆ ತಲೆದಿಂಬಿನ ಹತ್ತಿರ ಇಟ್ಟು ಎದ್ದು ಹೋದ. ಆ ದಿನಗಳಲ್ಲಿ ನನಗೆ ಹಳ್ಳಿ ಉಳಿದದ್ದು ನೆನಪಿಗೇ ಬರುತ್ತಿರಲಿಲ್ಲ. ನನ್ನನ್ನು ಕೇಳದೆ ನನ್ನ ಜೀವವನ್ನು ಬೆಂಕಿಗೆ ಇಟ್ಟ ಎನ್ನುವುದೊಂದೇ ಕುದಿಯುತ್ತಿತ್ತು. ಗಂಜಿ ಕುಡಿಯುವಾಗ ಒಸಡು ಉರಿದರೆ ಆತನನ್ನೇ ಶಪಿಸುತ್ತಿದ್ದೆ.

ಆಮೇಲೆ ಪೊಲೀಸ್ ಆ್ಯಕ್ಷನ್ ಆಯಿತು. ಹಿಂದೂಸ್ತಾನದ ಫೌಜು ಬಂತು. ಖಾಕಿಯವರು ಖಾಕಿ ಕಳಚಿ ಬಾವಿಗೆಸೆದು ಓಡಿಹೋದರು. ಹಳ್ಳಿ ಸುಟ್ಟವರೆಲ್ಲ ತಪ್ಪಿಸಿಕೊಂಡರು, ಊರಲ್ಲಿ ಉಳಿದವರು ಬಡ ಮುಸಲ್ಮಾನರು, ದರ್ಜಿಗಳು, ರೊಟ್ಟಿ ಸುಡುವವರು, ಬಳೆಗಾರರು. ಸೇಡು ಅವರ ಮೇಲೆ ತಿರುಗಿತು. ನಾಲ್ಕೈದು ದಿನ ಕೊಡಲಿಗಳದೇ ರಾಜ್ಯ. ಬಾವಿಯೊಂದರಲ್ಲಿ ಹೆಣ ತೇಲಿತು ಎಂದು ನೀರು ಸೇದುವವರು ಬೇರೆ ಬಾವಿಗೆ ಹೋದರು. ಹೋದ ವಾರ ಅತ್ತವರೇ ಈ ವಾರ ಅಳಿಸುತ್ತಿದ್ದರು.

ನಾನು ಅಡ್ಡೆಯ ಕಟ್ಟೆಯ ಮೇಲೆ ಕೂತಿದ್ದೆ. ಮುಖಕ್ಕೆ ಪಟ್ಟಿ. ಊರಿಗೆಲ್ಲ ನಾನು ಖಾಕಿಯವರಿಂದ ಪೆಟ್ಟು ತಿಂದು ಬದುಕಿದವನು, ದೊಡ್ಡ ಮನುಷ್ಯ. ಮೂವತ್ತು ನಲವತ್ತು ಜನ ಬಂದರು. ಅರ್ಧ ಹೊರಗಿನವರು, ಅರ್ಧ ನಮ್ಮ ಓಣಿಯವರೇ. ಮುಂದಿದ್ದವನು ನನ್ನನ್ನು ಕೇಳಿದ.

"ಅಣ್ಣಾ, ಖಾಕಿಯವರ ಲಾರಿ ಯಾವನು ದುರಸ್ತ್ ಮಾ‌ಡ್ತಿದ್ದ?"

ಸುಮ್ಮನಿರಬಹುದಿತ್ತು. ಹಲ್ಲಿಲ್ಲದ ಬಾಯಿ, ಮಾತಾಡಲು ಬರುವುದಿಲ್ಲ ಎಂದು ಸನ್ನೆ ಮಾಡಬಹುದಿತ್ತು. ನಾನು ಹೆಸರು ಹೇಳಿದೆ. ಪೂರ್ತಿ ಹೆಸರು, ತಂದೆಯ ಹೆಸರು ಸಮೇತ. ಕೈ ಎತ್ತಿ ಷೆಡ್ಡನ್ನೂ ತೋರಿಸಿದೆ. ಎರಡೇಟು ಬೀಳಲಿ, ಪೆಟ್ಟು ಹೇಗಿರುತ್ತದೆ ಎಂದು ಆತನಿಗೂ ತಿಳಿಯಲಿ, ಅಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು. ದೇವರಾಣೆ ಅಷ್ಟೇ.

ಅವರು ಆತನ ಬಲಗೈಯನ್ನು ಬೆಂಚಿನ ಮೇಲಿನ ವೈಸಿನಲ್ಲಿ, ಕಬ್ಬಿಣ ಕಚ್ಚಿ ಹಿಡಿಯುವ ಆ ದವಡೆಯಲ್ಲಿ ಇಟ್ಟರು. ಉಸ್ತಾದ ಒದರಲಿಲ್ಲ, ಬೇಡಿಕೊಳ್ಳಲಿಲ್ಲ. "ನಾ ಏನೂ ಮಾಡಿಲ್ಲ" ಎಂದೂ ಅನ್ನಲಿಲ್ಲ. ಆಗ ನನಗೆ ಎಚ್ಚರವಾಯಿತು. ಗುಂಪಿನೊಳಗೆ ನುಗ್ಗಿ ಕೂಗಿದೆ.

"ಬಿಡ್ರೋ! ಆತ ಅರಗು ಹಚ್ಚಿದ್ದ! ಫ್ಲೋಟಿಗೆ ಅರಗು ಹಚ್ಚಿದ್ದ! ಅದಕ್ಕ ಲಾರಿ ನಿಂತದ್ದು!"

ಹಲ್ಲಿಲ್ಲದ ಬಾಯಿಯಿಂದ ಬಂದ ಮಾತು. ಕೇಳಿಸಿದರೂ ತಿಳಿಯುವಂಥದ್ದಲ್ಲ. "ಅರಗಂತ! ಬಳಿ ಮಾರಾವನೇನೋ ಇವ?" ಎಂದು ಒಬ್ಬ ನಕ್ಕ. ಕಾರ್ಕು, ಬಟ್ಟಲು, ಸ್ಪಿರಿಟ್ಟು ಎಂದು ನಾನು ವಿವರಿಸುತ್ತಲೇ ಇದ್ದೆ. ನನ್ನನ್ನು ಪಕ್ಕಕ್ಕೆ ತಳ್ಳಿದರು. "ಪಾಪ, ತಲಿಗೆ ಪೆಟ್ಟು ಬಿದ್ದೈತಿ," ಎಂದು ಯಾರೋ ನನಗಾಗಿ ಮರುಗಿದರು ಕೂಡ. ನಾಲ್ಕು ಜನ ಸೇರಿ ವೈಸಿನ ಹಿಡಿ ತಿರುಗಿಸಿದರು. ಒಣಗಿದ ಕಡ್ಡಿ ಮುರಿದಂತೆ ಒಂದೊಂದೇ ಎಲುಬಿನ ಸದ್ದು. ಉಸ್ತಾದ ಕೊನೆಯವರೆಗೂ ನೋಡಿದ್ದು ಆ ಕೈಯನ್ನಲ್ಲ, ನನ್ನನ್ನು. ಫೌಜಿನ ಗಾಡಿಯ ಸದ್ದು ಕೇಳಿ ಅವರು ಚದುರದಿದ್ದರೆ ಜೀವವೂ ಉಳಿಯುತ್ತಿರಲಿಲ್ಲ.

ಮರುದಿನ ಆತನ ಹೆಂಡತಿ ಆತನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಗದ್ವಾಲಿನ ತಮ್ಮನ ಮನೆಗೆ ಹೊರಟುಹೋದಳು. ನಾನು ಕದ್ದು ಷೆಡ್ಡಿಗೆ ಹೋದೆ. ಸಾಮಾನೆಲ್ಲ ಲೂಟಿಯಾಗಿತ್ತು. ಗೋಡೆಯ ಮೇಲಿನ ಹಾಳು ಸಾಮಾನು ಯಾರಿಗೂ ಬೇಕಾಗಿರಲಿಲ್ಲ. ಹಗ್ಗ ಹಾಗೇ ನೇತಾಡುತ್ತಿತ್ತು. ಅದೇ ಮೊಳೆಗೆ, ಹಗ್ಗದ ಜೊತೆಗೆ, ಒಂದು ಬಟ್ಟೆಯ ಗಂಟು ಇತ್ತು. ಬಿಚ್ಚಿದೆ. ಲಾರಿಯ ಅಳತೆಯ ಕಾರ್ಕಿನ ಫ್ಲೋಟು. ಸರೇಸು ಬಳಿದದ್ದು, ಮೂರು ಸಲ, ಪಟಿಕದ ನೀರಿನಲ್ಲಿ ಅದ್ದಿದ್ದು. ಎಲ್ಲಿಯೂ ಒಂದು ಕೂದಲಷ್ಟು ತಪ್ಪಿಲ್ಲ. ಅರಗಿನದು, ಸರೇಸಿನದು, ಎರಡನ್ನೂ ಆತ ಮಾಡಿಟ್ಟಿದ್ದ.

ಏಳೆಂಟು ವರ್ಷ ನನಗೆ ಗದ್ವಾಲಿಗೆ ಹೋಗುವ ಮುಖವಿರಲಿಲ್ಲ. ಸರ್ಕಾರಿ ಬಸ್ಸಿನ ಡ್ರೈವರನಾದ ಮೇಲೆ ಒಮ್ಮೆ ಹೋಗಲೇಬೇಕಾಯಿತು. ಫ್ಲೋಟನ್ನು ಜೇಬಿನಲ್ಲಿಟ್ಟುಕೊಂಡು ಸ್ಟೇಷನ್ ರಸ್ತೆಗೆ ಹೋದೆ. ಉಸ್ತಾದ ನೆಲದ ಮೇಲೆ ಕೂತು ಎಡಗೈಯಲ್ಲಿ ಪಂಪ್ ಎಂಜಿನ್ನಿನ ಕಾರ್ಬುರೇಟರ್ ಬಿಚ್ಚುತ್ತಿದ್ದ. ಬಲಗೈ ಮಡಿಲಲ್ಲಿ ಒಣ ಬೇರಿನಂತೆ ಬಿದ್ದಿತ್ತು. ಕಿವಿಯ ಮೇಲೆ ಬೀಡಿ. ನಾನು ಫ್ಲೋಟನ್ನು ಮುಂದಿಟ್ಟೆ. ಆತ ಅದನ್ನು ತಿರುಗಿಸಿ ನೋಡಿ, ಪಕ್ಕದ ಎಣ್ಣೆ ಬಟ್ಟಲಿಗೆ ಹಾಕಿದ. ತೇಲಿತು.

"ಇನ್ನೂ ಗಟ್ಟಿ ಐತಿ," ಎಂದ.

"ಯಾಕ ಉಸ್ತಾದ್? ನನಗ ಒಂದು ಮಾತು ಹೇಳಬಾರದಿತ್ತಾ?"

"ನೀ ನಡಸ್ತಿ ಅಂತ ಗೊತ್ತಾದಾಗ ಇದನ್ನ ಹಾಕಬೇಕಂತ ಹೋಗಿ ಕೈಯಾಗ ತೊಗೊಂಡಿದ್ದೆ. ಅದೇ ಮೊಳಿಗೆ ಹಗ್ಗ ಇತ್ತು. ಮತ್ತ ಇಟ್ಟುಬಿಟ್ಟೆ." ತೇಲುತ್ತಿದ್ದ ಫ್ಲೋಟನ್ನು ಬೆರಳಿನಿಂದ ಮುಳುಗಿಸಿ ಬಿಟ್ಟು, "ನಿನಗ ಹೇಳಿದ್ರ ನಿನ್ನ ಮುಖ ಹೇಳ್ತಿತ್ತು. ಮುಖ ಸುಮ್ನಿದ್ರ ಬಾಯಿ ಹೇಳ್ತಿತ್ತು. ನಿನ್ನ ಬಾಯಿ ನನಗ ಗೊತ್ತಿಲ್ಲೇನು?" ಎಂದ.

ಅಡ್ಡೆಯ ಕಟ್ಟೆಯಿಂದ ನಾನು ಕೈ ಎತ್ತಿ ತೋರಿಸಿದ್ದು ಷೆಡ್ಡಿನ ಕಿಟಕಿಗೆ ನೇರವಾಗಿ ಕಾಣುತ್ತಿತ್ತು ಎಂದು ಆಗ ಹೊಳೆಯಿತು. ಕಾಲು ಹಿಡಿಯಲು ಬಗ್ಗಿದೆ. ಆತ ಎಡಗೈಯಿಂದ ನನ್ನ ಹೆಗಲನ್ನು ಹಿಂದಕ್ಕೆ ನೂಕಿದ.

"ಬಿಡು. ನಾ ನಿನ್ನ ಬೆಂಕ್ಯಾಗ ಕೂಡ್ರಿಸಿದೆ, ನೀ ನನ್ನ ಹೆಸರು ಹೇಳಿದಿ. ನನಗ ರಾತ್ರಿ ನಿದ್ದಿ ಬರಲಾರದ್ದು ಅದಕ್ಕಲ್ಲ." ಬೀಡಿಯನ್ನು ಕಿವಿಯಿಂದ ತೆಗೆದು, ನೋಡಿ, ಮತ್ತೆ ಕಿವಿಗೇ ಇಟ್ಟುಕೊಂಡ. "ಬಾಗಿಲು ಎರಡೂ ಬಿಚ್ಚಬೇಕಾಗಿತ್ತು."

ನಾನು ಎದ್ದು ನಿಂತಾಗ, "ನೀರಿನಜ್ಜಿ ಅದಾಳೇನು?" ಎಂದು ಕೇಳಿದ. ಇದ್ದಾಳೆ, ಕಣ್ಣು ಕಾಣುವುದಿಲ್ಲ, ಈಗಲೂ ಬಸ್ಸಿನ ಸದ್ದು ಕೇಳಿದರೆ ಕೊಡ ಹಿಡಿದು ಬರುತ್ತಾಳೆ, ದೇವಿ ಕಾಪಾಡಿದಳು ಎಂದು ಮೊಮ್ಮಗಳ ಕೈ ಹಿಡಿದು ಹೋಗಿ ಆ ಕಲ್ಲಿಗೆ ವಾರಕ್ಕೊಮ್ಮೆ ನೀರು ಹಾಕುತ್ತಾಳೆ ಎಂದೆ. ಉಸ್ತಾದ ಮೊದಲ ಸಲ ನಕ್ಕ. "ಹಾಕಲಿ. ನನ್ನ ಹೆಸರು ಹೇಳಾಕ ಹೋಗಬ್ಯಾಡ ಮತ್ತ," ಎಂದು ಕಾರ್ಬುರೇಟರಿನ ಕಡೆ ತಿರುಗಿದ.

ಆತ ಹೋದ ಸುದ್ದಿ ಕೇಳಿದ ವಾರ, ಆ ಕಲ್ಲಿನ ಹತ್ತಿರ ಬಸ್ಸಿಳಿದೆ. ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ಆಕೆಯ ಮೊಮ್ಮಗಳ ಸೊಸೆ ಕಲ್ಲಿಗೆ ಕುಂಕುಮ ಹಚ್ಚುತ್ತಿದ್ದಳು. "ಇದು ಯಾವ ದೇವರವ್ವಾ?" ಎಂದು ಕೇಳಿದೆ. ಆಕೆ ದೇವಿಯ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು. ನಾನು ಕೇಳಿ, ಕೈ ಮುಗಿದೆ. ಆ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಆತನ ಹೆಸರು ನನ್ನ ಬಾಯಿಂದ ಒಮ್ಮೆ ಬಂದದ್ದೇ ಸಾಕು.